ಡೇರಿ ಬಿಟ್ಟು ಡೆಲ್ಲಿಗೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಉಪವಿಭಾಗ. ಇಲ್ಲಿನ ಯಾವ ಬಸ್ ಸ್ಟ್ಯಾಂಡಿನಲ್ಲಾದರೂ ನಿಂತು ‘ಅಧ್ಯಕ್ರೇ’ ಎಂದು ಒಂದು ಕೂಗು ಹಾಕಿ ನೋಡಿ. ಮೂವರಾದರೂ ತಿರುಗುತ್ತಾರೆ. ಹಾಲಿ ಒಬ್ಬರು, ಮಾಜಿ ಇಬ್ಬರು. ಮಾಜಿ ಅನ್ನುವುದು ಪತ್ರಿಕೆಯವರ ಮಾತು, ಊರಿನವರದ್ದಲ್ಲ. ಇಲ್ಲಿ ಒಮ್ಮೆ ಅಧ್ಯಕ್ಷರಾದವರು ಮಣ್ಣಾಗುವವರೆಗೂ ಅಧ್ಯಕ್ಷರು. ಮಣ್ಣಾದ ಮೇಲೂ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸಿನಲ್ಲಿ ಅಧ್ಯಕ್ಷರೇ.

ಇಸ್ತ್ರಿ ಕೆಡದ ಬಿಳಿ ಷರಟು. ಜೇಬಿನಲ್ಲಿ ಎರಡು ಪೆನ್ನು. ಒಂದು ಸಹಿಗೆ, ಇನ್ನೊಂದು ಯಾರಾದರೂ ಪೆನ್ನು ಕೇಳಿದರೆ ಕೊಡುವುದಕ್ಕೆ. ಬೈಕಿನ ನಂಬರ್ ಪ್ಲೇಟಿನಲ್ಲಿ ನಂಬರಿಗಿಂತ ದಪ್ಪಗೆ ‘ಅಧ್ಯಕ್ಷರು’ ಎಂಬ ಕೆಂಪಕ್ಷರ. ಸೀಟಿನ ಪಕ್ಕದ ರೆಕ್ಸಿನ್ ಬ್ಯಾಗಿನಲ್ಲಿ ಲೆಟರ್‌ಹೆಡ್ಡು, ಸೀಲು, ಸ್ಟಾಂಪ್ ಪ್ಯಾಡು, ಯಾರದೋ ವಿಧವಾ ವೇತನದ ಅರ್ಜಿ, ಇನ್ಯಾರದೋ ಮಗನ ಜಾತಿ ಪ್ರಮಾಣಪತ್ರ. ಪಂಚಾಯ್ತಿಯಲ್ಲಿ ಅಧ್ಯಕ್ಷಗಿರಿಯ ಅವಧಿ 30 ತಿಂಗಳು. ಆದರೆ ಊರಿನ ಹಿರೀಕರು ‘ಹದಿನೈದು ತಿಂಗಳು ನೀನು, ಹದಿನೈದು ತಿಂಗಳು ಅವನು’ ಎಂದು ಪಾವಗಡದ ಶನಿಮಹಾತ್ಮನ ಮುಂದೆ ಆಣೆ ಹಾಕಿಸಿದ್ದರಿಂದ ಅವರಿಗೆ ಸಿಕ್ಕಿದ್ದು ಅರ್ಧ. ಹದಿನೈದು ಮುಗಿದ ದಿನ ಅವರಿಗೆ ಆಣೆ ಮರೆತಿತ್ತು. ಉಳಿದ ಸದಸ್ಯರಿಗೆ ನೆನಪಿತ್ತು, ಅವಿಶ್ವಾಸ ತಂದು ಇಳಿಸಿದರು. ಅಲ್ಲಿಂದ ಡೇರಿಗೆ ಅಧ್ಯಕ್ಷರು, ಶಾಲೆಯ ಎಸ್‌ಡಿಎಂಸಿಗೆ ಅಧ್ಯಕ್ಷರು, ಆಂಜನೇಯನ ಗುಡಿಯ ಜೀರ್ಣೋದ್ಧಾರ ಸಮಿತಿಗೆ ಅಧ್ಯಕ್ಷರು. ಗುಡಿ ಜೀರ್ಣವಾಗಿದ್ದು ಯಾವಾಗ, ಉದ್ಧಾರವಾಗುವುದು ಯಾವಾಗ ಎಂದು ಯಾರೂ ಕೇಳಿಲ್ಲ.

ಇಂಥವರಿಗೆ ಟೀ ಅಂಗಡಿಯಲ್ಲಿ ಪೇಪರು ಓದುವ ಡಿಗ್ರಿ ಹುಡುಗನೊಬ್ಬ ಕೇಳಬಾರದ್ದನ್ನು ಕೇಳುತ್ತಾನೆ: “ಅಧ್ಯಕ್ರೇ, ನಿಮ್ಮುನ್ನ ರಾಷ್ಟ್ರಪತಿ ಮಾಡ್ತೀವಿ ಅಂದ್ರೆ ಆಗ್ತೀರಾ?”

ಬೇರೆ ಯಾರನ್ನು ಕೇಳಿದ್ದರೂ ‘ನಮ್ಮಂತೋರಿಗ್ಯಾಕೆ ಬುಡಪ್ಪ’ ಎಂದು ಬೀಡಿ ಹಚ್ಚಿಕೊಳ್ಳುತ್ತಿದ್ದರು. ಅಧ್ಯಕ್ಷರು ಹಾಗಲ್ಲ. ಹುದ್ದೆಯ ವಿಷಯವನ್ನು ಅವರು ತಮಾಷೆಗೂ ಹಗುರವಾಗಿ ತೆಗೆದುಕೊಂಡವರಲ್ಲ. ಕ್ರಮವೂ ಇದೆ: ಮೊದಲ ಸಲ ‘ಬ್ಯಾಡ’ ಅನ್ನಬೇಕು, ಎರಡನೇ ಸಲ ‘ಹುಡುಗ್ರು ಯಾರಾದ್ರೂ ಆಗ್ಲಿ’ ಅನ್ನಬೇಕು, ಮೂರನೇ ಸಲ ಹಾರಕ್ಕೆ ಕತ್ತು ಬಗ್ಗಿಸಬೇಕು. ಆದ್ದರಿಂದ ಅವರು ಟೀ ಲೋಟ ಕೆಳಗಿಟ್ಟು, “ರೂಲ್ಸು ಏನೈತೆ ಅದುಕ್ಕೆ?” ಎಂದರು.

ರೂಲ್ಸು ಕೇಳಿದಷ್ಟೂ ಸಲೀಸಾಗಿದೆ. ಸಂವಿಧಾನದ 58ನೇ ವಿಧಿ ಕೇಳುವುದು ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ನಿಲ್ಲುವ ಅರ್ಹತೆ ಇರಬೇಕು, ಲಾಭದಾಯಕ ಹುದ್ದೆಯಲ್ಲಿ ಇರಬಾರದು ಎಂದಷ್ಟೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕೆಂದು ಎಲ್ಲಿಯೂ ಬರೆದಿಲ್ಲ, ಇದನ್ನು ಅಧ್ಯಕ್ಷರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಠೇವಣಿ 15,000 ರೂಪಾಯಿ. ಲೋಕಸಭೆಗೆ 25,000. ದೇಶಕ್ಕೇ ದೊಡ್ಡ ಹುದ್ದೆಯ ಠೇವಣಿ ಎಂಪಿ ಹುದ್ದೆಯ ಠೇವಣಿಗಿಂತ ಹತ್ತು ಸಾವಿರ ಕಡಿಮೆ ಎಂದಾಗ ಅವರ ಹುಬ್ಬು ಗಂಟಾಯಿತು. ಎಮ್ಮೆ ವ್ಯಾಪಾರ ಮಾಡಿದವರು, ಅಗ್ಗಕ್ಕೆ ಬಂದದ್ದನ್ನು ಬಾಯಿ ತೆರೆಸಿ ಹಲ್ಲು ನೋಡದೆ ಬಿಡುವುದಿಲ್ಲ.

ಹಲ್ಲು ನೋಡಿದಾಗ ಗುಟ್ಟು ಹೊರಬಿತ್ತು. ನಾಮಪತ್ರಕ್ಕೆ 50 ಜನ ಸೂಚಕರು, 50 ಜನ ಅನುಮೋದಕರು ಬೇಕು. ಡೇರಿ ಚುನಾವಣೆಯಲ್ಲಿ ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕು; ಇಬ್ಬರೂ ನೆಂಟರಾದರೆ ಇನ್ನೂ ಅನುಕೂಲ. ಇಲ್ಲಿ ನೂರೂ ಜನ ಎಂಪಿಗಳೋ ಎಮ್ಮೆಲ್ಲೆಗಳೋ ಆಗಿರಬೇಕು. ಮೊದಲು ಹೀಗಿರಲಿಲ್ಲ. ಚೌಧರಿ ಹರಿರಾಮ್ ಎಂಬವರು 1950, 60ರ ದಶಕಗಳಲ್ಲಿ ರಾಷ್ಟ್ರಪತಿ ಚುನಾವಣೆಗೆ ಸಲಸಲವೂ ನಿಂತರು. 1962ರಲ್ಲಿ ರಾಧಾಕೃಷ್ಣನ್ ಓಟಿನ ಬೆಲೆಯಲ್ಲಿ ಐದೂವರೆ ಲಕ್ಷ ದಾಟಿದಾಗ ಇವರ ಪಾಲಿಗೆ 6,341 ಬಂತು. 1967ರಲ್ಲಿ 17 ಜನ ಕಣದಲ್ಲಿದ್ದರು, ಅದರಲ್ಲಿ ಒಂಬತ್ತು ಮಂದಿಗೆ ಒಂದೂ ಓಟು ಬೀಳಲಿಲ್ಲ. ಈ ಹಾವಳಿ ನೋಡಲಾರದೆ 1974ರಲ್ಲಿ ಹತ್ತು ಹತ್ತು ಜನರ ಸಹಿ, 2,500 ರೂಪಾಯಿ ಠೇವಣಿ ಎಂದು ಕಟ್ಟು ಹಾಕಿದರು. ಅದೂ ಸಾಲದೆ 1997ರಲ್ಲಿ ಐವತ್ತೈವತ್ತಕ್ಕೆ ಏರಿಸಿದರು. ಈ ನಡುವೆ 1992ರಲ್ಲಿ ಬರೇಲಿಯ ಬಟ್ಟೆ ವ್ಯಾಪಾರಿ ಕಾಕಾ ಜೋಗಿಂದರ್ ಸಿಂಗ್ ನುಸುಳಿಕೊಂಡು ನಿಂತು 1,135 ಓಟಿನ ಬೆಲೆ ಪಡೆದರು. ಸೋಲುವುದನ್ನೇ ಕಸುಬು ಮಾಡಿಕೊಂಡಿದ್ದ ಆ ಮನುಷ್ಯನ ಬಗ್ಗೆ ಅಧ್ಯಕ್ಷರಿಗೆ ಮರುಕ ಹುಟ್ಟಲಿಲ್ಲ. “ಠೇವಣಿ ದುಡ್ಡು ಯಾರು ಕೊಡ್ತಿದ್ರು ಅವುನ್ಗೆ?” ಎಂದಷ್ಟೇ ಕೇಳಿದರು.

ಅವರ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂಬತ್ತು ಸೊನ್ನೆಗಳು. ಪಂಚಾಯ್ತಿ ಚುನಾವಣೆಯಲ್ಲಿ ಎಷ್ಟು ಕೆಟ್ಟವನಿಗೂ ಒಂದು ಓಟು ಇದ್ದೇ ಇರುತ್ತದೆ, ಅವನದೇ. “ಹೆಂಡ್ರು ಹಾಕ್ದೆ ಇರ್ಬೋದು, ತಾನಾದ್ರೂ ಹಾಕ್ಕಬೇಕಲ್ಲ?” ಹುಡುಗ ವಿವರಿಸಿದ: ರಾಷ್ಟ್ರಪತಿ ಚುನಾವಣೆಯಲ್ಲಿ ಪ್ರಜೆಗೆ ಓಟಿಲ್ಲ. ನಿಂತವನು ಎಂಪಿ, ಎಮ್ಮೆಲ್ಲೆ ಅಲ್ಲದಿದ್ದರೆ ಅವನಿಗೂ ಇಲ್ಲ. ಓಟಿರುವುದು ಚುನಾಯಿತ ಸಂಸದರಿಗೆ ಮತ್ತು ಶಾಸಕರಿಗೆ ಮಾತ್ರ. ಅದರಲ್ಲೂ ಬೆಲೆ ಬೇರೆ ಬೇರೆ. 1971ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಶಾಸಕರ ಒಂದು ಓಟಿಗೆ 131, ಉತ್ತರ ಪ್ರದೇಶದವರದಕ್ಕೆ 208, ಸಿಕ್ಕಿಂನವರದಕ್ಕೆ 7. ಇಡೀ ಉಪವಿಭಾಗದ ನಾಲ್ವರು ಶಾಸಕರನ್ನು ಕೂಡಿದರೆ 524. ಎಂಪಿ ಓಟು ಹಿಡಿಯೋಣವೆಂದರೆ ಅಲ್ಲೂ ಹರಿದು ಹಂಚಿಹೋಗಿದೆ: ಮಧುಗಿರಿ, ಕೊರಟಗೆರೆ ತುಮಕೂರು ಲೋಕಸಭೆಗೆ, ಸಿರಾ, ಪಾವಗಡ ಚಿತ್ರದುರ್ಗ ಲೋಕಸಭೆಗೆ. ಓಟು ಬರೆಯಲು ಆಯೋಗವೇ ನೇರಳೆ ಶಾಯಿಯ ಪೆನ್ನು ಕೊಡುತ್ತದೆ, ಸ್ವಂತ ಪೆನ್ನು ಒಳಗೆ ಬಿಡುವುದಿಲ್ಲ. ಪಕ್ಷದವರು ವಿಪ್ ಕೊಡುವಂತಿಲ್ಲ. ಅಧ್ಯಕ್ಷರು ಜೇಬಿನ ಎರಡೂ ಪೆನ್ನು ಮುಟ್ಟಿ ನೋಡಿಕೊಂಡರು.

ಪಾವಗಡ ಕಡೆಯ ಅಧ್ಯಕ್ಷರಿಗೆ ಮಾತ್ರ ಈ ಪಾಠ ಬೇಕಿಲ್ಲ. ಮೂರು ದಿಕ್ಕಿಗೂ ಆಂಧ್ರ ಸುತ್ತಿರುವ ತಾಲ್ಲೂಕು ಅದು. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ. ತಿರುಮಣಿ ಕಡೆ ಜಮೀನಿದ್ದವರು ಅದನ್ನು 2,050 ಮೆಗಾವಾಟಿನ ಸೋಲಾರ್ ಪಾರ್ಕಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಬಿಟ್ಟು ಕೂತಿದ್ದಾರೆ. ಉಳುವುದಿಲ್ಲ, ಬಿತ್ತುವುದಿಲ್ಲ, ಕಳ್ಳೇಕಾಯಿ ರೇಟಿನ ಚಿಂತೆಯಿಲ್ಲ. ರಾಜಕೀಯಕ್ಕೆ ಇಷ್ಟು ಹದವಾದ ಬಿಡುವು ಬೇರೆಲ್ಲೂ ಸಿಗದು. ಅಲ್ಲಿನ ಅಧ್ಯಕ್ಷರು ರಾಷ್ಟ್ರಪತಿ ಎಂದ ಕೂಡಲೇ “ನಮ್ಮ ಸಂಜೀವರೆಡ್ಡಿ” ಎಂದು ಕಾಲು ಮೇಲೆ ಕಾಲು ಹಾಕಿಕೊಳ್ಳುತ್ತಾರೆ.

ಹಕ್ಕೂ ಇದೆ ಅನ್ನಿ. ನೀಲಂ ಸಂಜೀವರೆಡ್ಡಿ ಪಕ್ಕದ ಅನಂತಪುರ ಜಿಲ್ಲೆಯ ಇಲ್ಲೂರಿನವರು, 1967ರಲ್ಲಿ ಲೋಕಸಭೆಗೆ ಗೆದ್ದದ್ದು ಗಡಿಯಾಚೆಯ ಹಿಂದೂಪುರದಿಂದ. 1969ರಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ. ಪಕ್ಷದ ಅಧ್ಯಕ್ಷರು ಚಿತ್ರದುರ್ಗದ ನಿಜಲಿಂಗಪ್ಪ. ಎದುರಿಗೆ ಅದಕ್ಕೆ ಎರಡು ವರ್ಷ ಮೊದಲು ಮೈಸೂರು ರಾಜ್ಯಪಾಲರಾಗಿದ್ದ ವಿ.ವಿ. ಗಿರಿ. ಇಂದಿರಾ ಗಾಂಧಿ ‘ಆತ್ಮಸಾಕ್ಷಿಯಂತೆ ಓಟು ಹಾಕಿ’ ಅಂದರು. ಸ್ವಂತ ಪಕ್ಷದ ಅಭ್ಯರ್ಥಿ ಸೋತರು. ಪಂಚಾಯ್ತಿ ರಾಜಕೀಯ ಬಲ್ಲವರಿಗೆ ಆ ಚುನಾವಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಟು ವರ್ಷ ಕಾದು, 1977ರಲ್ಲಿ ರೆಡ್ಡಿ ಮತ್ತೆ ನಿಂತರು. 37 ಜನರ ನಾಮಪತ್ರ ಬಂದಿತ್ತು. ಪರಿಶೀಲನೆಯಲ್ಲಿ 36 ತಿರಸ್ಕಾರ. ಇಂದಿಗೂ ಅವಿರೋಧವಾಗಿ ಆಯ್ಕೆಯಾದ ರಾಷ್ಟ್ರಪತಿ ಅವರೊಬ್ಬರೇ. ಪಾವಗಡದ ಅಧ್ಯಕ್ಷರು ಈ ಕಥೆಯನ್ನು ಹೇಳುವಾಗ 36ರ ಹತ್ತಿರ ಬಂದು ನಿಲ್ಲುತ್ತಾರೆ, ಕೇಳುವವರ ಮುಖ ನೋಡುತ್ತಾರೆ. ಮೂವರ ನಾಮಪತ್ರ ತಿರಸ್ಕಾರ ಮಾಡಿಸುವುದಕ್ಕೇ ಅವರಿಗೆ ಒಂದು ಸಲ ರಾತ್ರಿಯೆಲ್ಲ ನಿದ್ದೆಯಿರಲಿಲ್ಲ. ಆದರೆ ನಿವೃತ್ತಿಯಾದ ಮೇಲೆ ರೆಡ್ಡಿಯವರು ಅನಂತಪುರಕ್ಕೆ ವಾಪಸ್ಸು ಬಂದು ಜಮೀನು ನೋಡಿಕೊಂಡಿದ್ದರು ಎಂಬ ಭಾಗವನ್ನು ಮಾತ್ರ ಅವರು ಹೇಳುವುದಿಲ್ಲ. ಅಷ್ಟೆಲ್ಲ ಮಾಡಿ ಕೊನೆಗೆ ಬೇಸಾಯವೇ ಆದರೆ ಏನು ಬಂತು?

ಸಿರಾದವರದ್ದು ಇನ್ನೊಂದು ವರಸೆ. ಅವರ ಊರು ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. 1761ರಲ್ಲಿ ಬಸಾಲತ್ ಜಂಗ್ ಎಂಬ ನಿಜಾಮರ ಮನೆತನದವನು ಹೈದರಾಲಿಯಿಂದ ಹಣ ಪಡೆದು ಅವನನ್ನು ‘ಸಿರಾ ನವಾಬ’ ಮಾಡಿದ. ಆಗ ಸಿರಾ ಇದ್ದದ್ದು ಮರಾಠರ ಕೈಯಲ್ಲಿ. ಕೊಡುವವನ ಬಳಿ ಇಲ್ಲದ ಹುದ್ದೆಯನ್ನು ಕೊಂಡು, ಆಮೇಲೆ ಊರನ್ನು ವಶ ಮಾಡಿಕೊಂಡ ಸಿಪಾಯಿ ಕಸುಬಿನವನ ನೆಲ ಇದು. ಅಲ್ಲಿಯ ಅಧ್ಯಕ್ಷರಿಗೆ ‘ಸಾಮಾನ್ಯ ಪ್ರಜೆ ಒಪ್ಪುತ್ತಾನಾ’ ಎಂಬ ಪ್ರಶ್ನೆಯೇ ಬಾಲಿಶವಾಗಿ ಕಾಣುತ್ತದೆ. ಒಪ್ಪದೆ? ರೇಟು ಎಷ್ಟು ಅನ್ನುವುದಷ್ಟೇ ಪ್ರಶ್ನೆ.

ಅಷ್ಟಾದರೂ ಟೀ ಅಂಗಡಿಯ ಅಧ್ಯಕ್ಷರು ಇನ್ನೂ ಹ್ಞೂಂ ಅಂದಿಲ್ಲ. ಹುಡುಗ ಆಸೆ ಹುಟ್ಟಿಸಲು ನಮ್ಮವರ ಉದಾಹರಣೆಯನ್ನೇ ತೆಗೆದ: ಬಿ.ಡಿ. ಜತ್ತಿ. ಸಾವಳಗಿಯವರು, ವಕೀಲರು. 1945ರಲ್ಲಿ ಜಮಖಂಡಿ ಪುರಸಭೆಯ ಅಧ್ಯಕ್ಷರು.

“ಏನಂದೆ? ಪುರಸಭೆ?”

ಹೌದು, ಪುರಸಭೆ. ಅಲ್ಲಿಂದ ಮೈಸೂರು ರಾಜ್ಯದ ಮುಖ್ಯಮಂತ್ರಿ, ಆಮೇಲೆ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿ. ಅದೇ ಜುಲೈ 25ಕ್ಕೆ ಸಂಜೀವರೆಡ್ಡಿ ಬರುವವರೆಗೆ. ಐದೂವರೆ ತಿಂಗಳು. ಅಧ್ಯಕ್ಷರು ಮನಸ್ಸಿನಲ್ಲೇ ತಮ್ಮ ಹದಿನೈದರ ಜೊತೆ ತಾಳೆ ನೋಡಿ ಒಳಗೊಳಗೇ ಖುಷಿಪಟ್ಟರು.

ಆ ಐದೂವರೆ ತಿಂಗಳಲ್ಲಿ ನಡೆದದ್ದು ಖುಷಿಯನ್ನು ಇಳಿಸಿತು. ಏಪ್ರಿಲ್‌ನಲ್ಲಿ ಹೊಸದಾಗಿ ಬಂದ ಮೊರಾರ್ಜಿ ದೇಸಾಯಿ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದವನ್ನು ಸಹಿಗೆ ಕಳಿಸಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ, ಯೋಚಿಸಿದರು. ಯೋಚಿಸಿದ್ದೇ ತಪ್ಪಾಗಿ ದೆಹಲಿಯಲ್ಲಿ ಗದ್ದಲವೋ ಗದ್ದಲ. ಏಪ್ರಿಲ್ 30ರಂದು ಸಹಿ ಬಿತ್ತು. ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆಂದು 74ನೇ ವಿಧಿ ಕಟ್ಟಿಹಾಕಿದೆ. ಮರುವರ್ಷ ಬಂದ ತಿದ್ದುಪಡಿಯಲ್ಲಿ ‘ಒಂದು ಸಲ ಮರುಪರಿಶೀಲಿಸಿ ಅಂತ ವಾಪಸ್ಸು ಕಳಿಸಬಹುದು’ ಎಂಬ ಸಣ್ಣ ಕಿಂಡಿ ಬಿಟ್ಟರು. ಎರಡನೇ ಸಲ ಅದೇ ಕಾಗದ ಬಂದರೆ ಸಹಿಯೇ ಗತಿ.

ಇಲ್ಲಿ ಅಧ್ಯಕ್ಷರ ಮುಖ ಕಪ್ಪಾಯಿತು. ಅವರ ಹದಿನೈದು ತಿಂಗಳಿನ ಸಾರವೆಲ್ಲ ಸಹಿಯನ್ನು ತಡೆಯುವುದರಲ್ಲೇ ಇತ್ತು. ಪಂಚಾಯ್ತಿ ಚೆಕ್ಕಿಗೆ ಪಿಡಿಒ ಜೊತೆ ಜಂಟಿ ಸಹಿ. ಚರಂಡಿ ಬಿಲ್ಲು ಬಂದಾಗ ಪೆನ್ನು ಮನೆಯಲ್ಲೇ ಮರೆತು ಬಂದಿರುತ್ತಿತ್ತು. ಗುತ್ತಿಗೆದಾರ ಸಂಜೆ ಮನೆಗೇ ಬಂದು ಮಾತಾಡಿಸಿದ ಮೇಲೆ ಪೆನ್ನು ಸಿಗುತ್ತಿತ್ತು. ಒಂದು ಸಹಿಗೆ ಒಂದು ದಿನ ತಡ ಮಾಡಿದರೆ ದೇಶವೆಲ್ಲ ಬೊಬ್ಬೆ ಹೊಡೆಯುತ್ತದೆಂದರೆ ಅದೆಂಥ ಅಧಿಕಾರ? ಹುಡುಗ ಸಮಾಧಾನಕ್ಕೆ ಗ್ಯಾನಿ ಜೈಲ್ ಸಿಂಗ್ ಕಥೆ ಹೇಳಿದ. 1986ರಲ್ಲಿ ಸಂಸತ್ತು ಒಪ್ಪಿದ ಅಂಚೆ ಕಚೇರಿ ತಿದ್ದುಪಡಿ ಮಸೂದೆ, ಜನರ ಕಾಗದ ಒಡೆದು ನೋಡಲು ಸರ್ಕಾರಕ್ಕೆ ಅಧಿಕಾರ ಕೊಡುವಂಥದ್ದು, ಅವರ ಮೇಜಿಗೆ ಬಂತು. ಸಹಿ ಹಾಕಲಿಲ್ಲ, ತಿರಸ್ಕರಿಸಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಇಟ್ಟುಕೊಂಡರು. ಇಂತಿಷ್ಟು ದಿನದಲ್ಲಿ ಸಹಿ ಆಗಬೇಕೆಂದು ಸಂವಿಧಾನದಲ್ಲಿ ಗಡುವು ಬರೆದಿಲ್ಲ. ಮಸೂದೆ ಕೊನೆಗೂ ಕಾಯ್ದೆಯಾಗಲಿಲ್ಲ.

“ಅವ್ನು ನೋಡಪ್ಪ ಅಧ್ಯಕ್ಷ ಅಂದ್ರೆ!” ಎಂದು ಅಧ್ಯಕ್ಷರು ಇನ್ನೊಂದು ಟೀ ಹೇಳಿದರು. ಇಡೀ ಸಂವಾದದಲ್ಲಿ ಅವರು ಮನಸ್ಸು ಬಿಚ್ಚಿ ಮೆಚ್ಚಿದ ರಾಷ್ಟ್ರಪತಿ ಇವರೊಬ್ಬರೇ.

ಸಂಬಳ ತಿಂಗಳಿಗೆ ಐದು ಲಕ್ಷ ಎಂಬುದು ಅವರನ್ನು ಹೆಚ್ಚು ಕುಣಿಸಲಿಲ್ಲ. ಐದು ವರ್ಷ ಯಾವ ಕ್ರಿಮಿನಲ್ ಕೇಸೂ ಮುಟ್ಟುವಂತಿಲ್ಲ, ಸಿವಿಲ್ ದಾವೆ ಹೂಡಲೂ ಎರಡು ತಿಂಗಳು ಮೊದಲೇ ನೋಟಿಸು ಕೊಡಬೇಕು ಎಂಬ 361ನೇ ವಿಧಿ ಕುಣಿಸಿತು. ಅವರದೊಂದು ಭಾಗದ ದಾವೆ ಮಧುಗಿರಿ ಕೋರ್ಟಿನಲ್ಲಿ ಅಣ್ಣತಮ್ಮಂದಿರ ಕೂದಲು ನರೆಸುತ್ತಿದೆ. ಅವಿಶ್ವಾಸ ಸುಲಭವಿಲ್ಲ, ಮಹಾಭಿಯೋಗಕ್ಕೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಮೂರನೇ ಎರಡು ಬೇಕು, ಇದುವರೆಗೆ ಒಬ್ಬರನ್ನೂ ಹಾಗೆ ಇಳಿಸಿಲ್ಲ ಎಂದಾಗಲಂತೂ ಅವರು ಅರ್ಧ ಒಪ್ಪಿದಂತೆಯೇ ಕಂಡರು.

ಮನೆಯ ವಿಷಯ ಬಂದು ಕೆಟ್ಟಿತು. ರಾಷ್ಟ್ರಪತಿ ಭವನದಲ್ಲಿ 340 ಕೋಣೆ. ವೈಸರಾಯ್ ಮಲಗುತ್ತಿದ್ದ ಭಾಗ ತೀರಾ ಆಡಂಬರದ್ದೆಂದು ರಾಜಾಜಿಯೇ ಅಲ್ಲಿರಲಾರದೆ ಸಣ್ಣ ಕೋಣೆಗಳಿಗೆ ಹೋದರು, ಆಮೇಲೆ ಬಂದವರೂ ಅಲ್ಲೇ ಉಳಿದರು. ಅಧ್ಯಕ್ಷರ ಮನೆಯಲ್ಲಿ ಇರುವುದು ಮೂರು ಕೋಣೆ, ಒಂದು ಜಗಲಿ. ಆದರೆ ಬೆಳಿಗ್ಗೆ ಆರಕ್ಕೆ ಆ ಜಗಲಿಯಲ್ಲಿ ನಾಲ್ಕು ಜನ ಕೂತಿರುತ್ತಾರೆ. ಒಬ್ಬನಿಗೆ ಬೋರ್‌ವೆಲ್ಲಿನ ಟಿಸಿ ಸುಟ್ಟಿದೆ, ಒಬ್ಬಳಿಗೆ ಪಿಂಚಣಿ ನಿಂತಿದೆ, ಒಬ್ಬನ ಹೆಂಡತಿ ತವರಿಗೆ ಹೋಗಿದ್ದಾಳೆ, ನಾಲ್ಕನೆಯವನಿಗೆ ಕೆಲಸವಿಲ್ಲ, ಕಾಫಿಗೆ ಬಂದಿದ್ದಾನೆ. ಅಧ್ಯಕ್ಷರು ಟವೆಲು ಹೆಗಲ ಮೇಲೆ ಹಾಕಿಕೊಂಡು ಹೊರಬಂದು, ಅಲ್ಲಿಂದಲೇ ಬೆಸ್ಕಾಂ ಲೈನ್‌ಮನ್‌ಗೆ ಫೋನ್ ಮಾಡಿ ‘ನಾನು ಅಧ್ಯಕ್ಷ’ ಅನ್ನುವ ಆ ಗಳಿಗೆಯೇ ಅವರ ಆಯಸ್ಸು. ರೈಸಿನಾ ಗುಡ್ಡದ ಮೇಲೆ ಯಾರು ಬಂದು ಕೂರುತ್ತಾರೆ? ಗೇಟಿನಲ್ಲೇ ಕುದುರೆ ಸವಾರರು. ಬೀಗರೂಟಕ್ಕೆ ಹೋಗುವಂತಿಲ್ಲ, ತಿಥಿಗೆ ಹೋಗುವಂತಿಲ್ಲ. ಲೈನ್‌ಮನ್ನಿಗೆ ನೇರವಾಗಿ ಹೇಳುವಂತಿಲ್ಲ.

“ಅದೆಲ್ಲ ಇರ್ಲಿ,” ಎಂದರು ಕೊನೆಗೆ, “ನಾನು ರಾಷ್ಟ್ರಪತಿ ಆದ್ರೆ ಮಧುಗಿರಿ ಜಿಲ್ಲೆ ಮಾಡ್ಬೋದಾ?”

ಈ ನಾಲ್ಕು ತಾಲ್ಲೂಕು ಸೇರಿಸಿ ಮಧುಗಿರಿಯನ್ನು ಜಿಲ್ಲೆ ಮಾಡಬೇಕೆಂಬ ಕೂಗು ಹಳೆಯದು. ಶಿಕ್ಷಣ ಇಲಾಖೆಗೆ ಮಧುಗಿರಿ ಈಗಾಗಲೇ ಜಿಲ್ಲೆಯೇ. ಕಂದಾಯ ಇಲಾಖೆಗೆ ಮಾತ್ರ ಇನ್ನೂ ಉಪವಿಭಾಗ. ಇಲ್ಲಿನ ಮಕ್ಕಳು ಒಂದು ಜಿಲ್ಲೆಯಲ್ಲಿ ಓದುತ್ತಾರೆ, ಅಪ್ಪಂದಿರು ಇನ್ನೊಂದು ಜಿಲ್ಲೆಯಲ್ಲಿ ಪಹಣಿ ತೆಗೆಸುತ್ತಾರೆ. ಪಾವಗಡದವನು ಜಿಲ್ಲಾಧಿಕಾರಿಗೆ ಅರ್ಜಿ ಕೊಡಲು ತುಮಕೂರಿಗೆ ಸುಮಾರು ನೂರು ಕಿಲೋಮೀಟರು ಬರಬೇಕು, ಬಂದ ದಿನ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಹುಡುಗ ಯೋಚಿಸಿ ಹೇಳಿದ: ರಾಷ್ಟ್ರಪತಿಗೆ ಗಲ್ಲು ತಪ್ಪಿಸುವ ಅಧಿಕಾರವಿದೆ, ತುರ್ತು ಪರಿಸ್ಥಿತಿ ಹೇರುವ ಆದೇಶ ಅವರ ಹೆಸರಿನಲ್ಲೇ ಹೊರಡುತ್ತದೆ, ಮೂರೂ ಪಡೆಗಳ ಪರಮೋಚ್ಚ ದಂಡನಾಯಕರೂ ಅವರೇ. ಆದರೆ ಜಿಲ್ಲೆ ಮಾಡುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಕೆಲಸ, ರಾಜ್ಯ ಸರ್ಕಾರದ್ದು.

“ಆಗಲ್ಲ?”

“ಆಗಲ್ಲ.”

“ಒಂದು ಮೋರಿ?”

“ಅದೂ ಆಗಲ್ಲ ಅಧ್ಯಕ್ರೇ.”

ಅಲ್ಲಿಗೆ ರಾಷ್ಟ್ರಪತಿ ಹುದ್ದೆ ಟೀ ಅಂಗಡಿಯಲ್ಲಿ ಬಿದ್ದುಹೋಯಿತು. ಹುಡುಗ ಹಟ ಬಿಡದೆ, ದೊಡ್ಡವರೂ ಹೀಗೆ ಬೇಡ ಅಂದದ್ದುಂಟು ಎಂದ. 1952ರ ನವೆಂಬರಿನಲ್ಲಿ ಇಸ್ರೇಲಿನ ಮೊದಲ ಅಧ್ಯಕ್ಷ ವೈಜ್‌ಮನ್ ತೀರಿಕೊಂಡಾಗ ಆ ಸರ್ಕಾರ ಅಮೆರಿಕದಲ್ಲಿದ್ದ ಐನ್‌ಸ್ಟೈನರನ್ನು ಕರೆಯಿತು. ಜನರೊಂದಿಗೆ ವ್ಯವಹರಿಸುವ ಸಹಜ ಗುಣವೂ ಅನುಭವವೂ ತಮಗಿಲ್ಲವೆಂದು ಅವರು ಬರೆದು ತಿಳಿಸಿದರು. ಅಧ್ಯಕ್ಷರು ಇದನ್ನು ಗೌರವದಿಂದಲೇ ಕೇಳಿದರು. ತಾವು ಬೇಡ ಅನ್ನುತ್ತಿರುವುದು ಸರಿಯಾಗಿ ಅದರ ತಿರುವುಮುರುವು ಕಾರಣಕ್ಕೆ ಎಂಬುದು ಅವರಿಗೂ ಹೊಳೆದಿರಬೇಕು. ಇನ್ನು 59ನೇ ವಿಧಿಯ ಪ್ರಕಾರ ಬೇರೆ ಯಾವ ಲಾಭದ ಹುದ್ದೆಯನ್ನೂ ಇಟ್ಟುಕೊಳ್ಳುವಂತಿಲ್ಲ ಎಂದಾಗ ಅವರು ಎದ್ದೇ ನಿಂತರು. “ಡೇರಿ ಬುಡ್ಬೇಕಾ? ಹಾಲಿನ ಫ್ಯಾಟ್ ನೋಡೋರ್ಯಾರು?” ಅವರು ಎಂದಾದರೂ ಫ್ಯಾಟ್ ನೋಡಿದ್ದುಂಟೇ ಎಂಬುದು ಬೇರೆ ಮಾತು.

ಇಷ್ಟರಲ್ಲಿ ಅವರ ಹೆಂಡತಿ ಅಂಗಡಿಗೆ ಸಕ್ಕರೆಗೆ ಬಂದರು. ಈಗ ಪಂಚಾಯ್ತಿ ಅಧ್ಯಕ್ಷರು ಅವರೇ. ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಈ ಸಲ ಅಧ್ಯಕ್ಷ ಸ್ಥಾನವೂ ಮಹಿಳೆಗೆ ಬಂದಾಗ ಇವರು ಹೆಂಡತಿಯನ್ನು ನಿಲ್ಲಿಸಿದರು, ಸಹಿಗಷ್ಟೇ ಸಾಕು ಎಂದುಕೊಂಡು. ಮೊದಲ ಮೂರು ತಿಂಗಳು ಹಾಗೇ ನಡೆಯಿತು. ನಾಲ್ಕನೇ ತಿಂಗಳು ಆಯಮ್ಮ ಪಿಡಿಒ ಕೈಯಿಂದ ಫೈಲು ಇಸಕೊಂಡು ಓದಲು ಕೂತರು. ಆಮೇಲೆ ಚರಂಡಿ ಬಿಲ್ಲಿಗೆ ಗುತ್ತಿಗೆದಾರ ಎಷ್ಟು ಸಂಜೆ ಬಂದು ಜಗಲಿಯ ಮೇಲೆ ಕೂತರೂ ಚರಂಡಿ ಆಗುವವರೆಗೆ ಸಹಿ ಆಗುತ್ತಿಲ್ಲ.

“ಅಮ್ಮ, ನಿಮ್ಮುನ್ನ ಕರುದ್ರೆ ಆಗ್ತೀರಾ ರಾಷ್ಟ್ರಪತಿ?”

“ಆಗ್ತೀನಿ,” ಎಂದರು ಅವರು, ಸಕ್ಕರೆ ತೂಗುವ ತಕ್ಕಡಿಯಿಂದ ಕಣ್ಣು ತೆಗೆಯದೆ. “ಈಗ ಇರೋ ಅಮ್ಮನೂ ಎಲ್ಲಿಂದ ಬಂದೋರು?”

ಮಾತು ಸುಳ್ಳಲ್ಲ. ದ್ರೌಪದಿ ಮುರ್ಮು ಒಡಿಶಾದ ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾಗಿದ್ದವರು, ರಾಯರಂಗಪುರದಲ್ಲಿ ಮೇಷ್ಟ್ರಾಗಿದ್ದವರು. 1997ರಲ್ಲಿ ಅಲ್ಲಿನ ನಗರ ಪಂಚಾಯ್ತಿಯ ಸದಸ್ಯೆ. ನಮ್ಮ ಲೆಕ್ಕದಲ್ಲಿ ಕೊರಟಗೆರೆ ಪಟ್ಟಣ ಪಂಚಾಯ್ತಿಯ ಒಂದು ವಾರ್ಡು ಗೆದ್ದ ಹಾಗೆ. 2022ರ ಜುಲೈ 25ರಂದು ಪ್ರಮಾಣವಚನ. ಕೊರಟಗೆರೆ ಕಡೆಯ ಮಹಿಳಾ ಸದಸ್ಯರಲ್ಲಿ ಗೊರವನಹಳ್ಳಿ ಲಕ್ಷ್ಮಿಗೆ ಆ ವಾರ ಹೆಚ್ಚುವರಿ ಹರಕೆ ಹೊತ್ತವರು ಇದ್ದರೆ ಆಶ್ಚರ್ಯವಿಲ್ಲ.

ಅಧ್ಯಕ್ಷರು ಕಂಗಾಲಾದರು. “ಲೇ, ಅಲ್ಲಿ ಮೋರಿನೂ ಮಾಡ್ಸಕ್ಕಾಗಲ್ವಂತೆ ಕಣೆ!”

“ಮೋರಿ ಇಲ್ಲಿ ನಾನು ಮಾಡ್ಸಿದೀನಲ್ಲ. ಅಲ್ಲಿ ಅಡಿಗೆ ಯಾರು ಮಾಡ್ತಾರೆ?”

ಅಡಿಗೆಗೆ ಬೇರೆ ಜನರಿದ್ದಾರೆ ಎಂದ ಹುಡುಗ. ಪಾತ್ರೆಗೆ? ಅದಕ್ಕೂ ಇದ್ದಾರೆ. ಆಯಮ್ಮ ಸಕ್ಕರೆ ಪೊಟ್ಟಣ ಸೆರಗಿನಲ್ಲಿ ಹಿಡಿದು, “ಹಂಗಾರೆ ನೂರು ಜನದ ಸಹಿ ಕೇಳು ನೋಡಣ” ಎಂದು ಹೊರಟರು.

ಅಧ್ಯಕ್ಷರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹುಡುಗನನ್ನು ಹತ್ತಿರ ಕರೆದು, ದನಿ ತಗ್ಗಿಸಿ, ಹಿಂದೆ ಯಾರಾದರೂ ಹೆಂಗಸು ರಾಷ್ಟ್ರಪತಿ ಆಗಿದ್ದಾಗ ಗಂಡ ಜೊತೆಗಿದ್ದದ್ದು ಉಂಟಾ ಎಂದು ವಿಚಾರಿಸಿದರು. ಉಂಟು: 2007ರಿಂದ 2012ರವರೆಗೆ ಪ್ರತಿಭಾ ಪಾಟೀಲ್, ಅವರ ಪತಿ ದೇವಿಸಿಂಗ್ ಶೇಖಾವತ್. ಅಮರಾವತಿಯ ಮೇಯರ್ ಆಗಿದ್ದವರು.

“ಮೇಯರ್ರಾ?” ಅಧ್ಯಕ್ಷರ ಬೆನ್ನು ನೆಟ್ಟಗಾಯಿತು. “ಡೇರಿನೂ ಇತ್ತಾ ಕೇಳ್ನೋಡು ಅವ್ರುದ್ದು.”